ಟವೆಲ್ಲಿನ ಕೆಳಗಿನ ನಾಲ್ಕು ಗುಳಿಗೆ

ಫೆಬ್ರವರಿ 2, ರವಿವಾರ

ವಹಿಯ ಮೊದಲ ಪುಟವನ್ನು ಖಾಲಿ ಬಿಟ್ಟು ಎರಡನೆಯದರಿಂದ ಬರೆಯುವುದು ನನ್ನ ಮೂವತ್ತೆಂಟು ವರ್ಷದ ರೂಢಿ. ವ್ಯವಹಾರ ಮುಗಿದ ಮೇಲೆ ಒಟ್ಟು ಲೆಕ್ಕ ಮೊದಲ ಪುಟಕ್ಕೆ ಬರಬೇಕು, ತೆರೆದವನ ಮುಖಕ್ಕೇ ಹೊಡೆಯಬೇಕು. ತೆರೆಯುವವನು ನಾನೊಬ್ಬನೇ ಆದರೂ ರೂಢಿ ರೂಢಿಯೇ. ಈ ವ್ಯವಹಾರ ಮುಗಿಯಿತು ಎಂದು ಇಂದು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಹೋದದ್ದು ಇಷ್ಟು. ಮೈಯಿಂದ ಎಂಟು ಕಿಲೋ. ದವಾಖಾನೆಯ ಮಂಚದ ಮೇಲೆ ಆರು ದಿನ, ಅದರಲ್ಲಿ ನಾಲ್ಕು ದಿನ ಎಲ್ಲಿ ನಳಿಗೆ ಇರಬಾರದೋ ಅಲ್ಲಿ ನಳಿಗೆ. ಒಂಬತ್ತು ಸಂತೆ. ಎಮ್ಮೆಯ ಬಾಯಿ ಬಿಡಿಸಿ ವಯಸ್ಸು ಹೇಳಿದರೆ ಯಾರೂ ಎರಡನೇ ಸಲ ಕೇಳದಂತಿದ್ದ ಹೆಸರು, ಅದರಲ್ಲಿ ಅರ್ಧ. ಮನೆಯಲ್ಲಿ ಊಟಕ್ಕೆ ಇಡುತ್ತಿದ್ದ ತಾಟು ನಾಲ್ಕು, ಈಗ ಎರಡು. ಮತ್ತು ಓಣಿಯಲ್ಲಿ ನಿಂತು ಕೂಗಿದ ಒಂದು ಮಾತು. ಅದನ್ನು ತೂಗುವ ಕಲ್ಲು ನನ್ನ ಹತ್ತಿರ ಇಲ್ಲ.

ನವೆಂಬರ್ 5, ಮಂಗಳವಾರ. ಮೂತ್ರ: 11 ಸಲ

ಇದನ್ನು ಬರೆಯಲು ಹಚ್ಚಿದವರು ಚಿಕ್ಕೋಡಿಯ ಡಾಕ್ಟರು. ದಿನಕ್ಕೆ ಎಷ್ಟು ಸಲ ಹೋಗುತ್ತೀರಿ ಎಂದು ಕೇಳಿದರು. ಬಹಳ ಎಂದೆ.

"ಬಹಳ ಅಂದ್ರ ಎಷ್ಟ್ರಿ ಅಣ್ಣಾಸಾಬ? ನೀವು ಎಮ್ಮಿ ಮಾರೂ ಮುಂದ ಇಷ್ಟ ಲೀಟರ್ ಹಾಲು ಅಂತೀರೋ, ಬಹಳ ಹಾಲು ಅಂತೀರೋ?"

ಮಾರುವಾಗ ನಾನು ಬಹಳ ಎಂದೇ ಹೇಳುವುದು.

ಸಂಜೆಗೊಂದು ಗುಳಿಗೆ ಕೊಟ್ಟರು. ಮೂತ್ರದ ಚೀಲ ಬಿಗಿ ಹಿಡಿಯುವ ಗುಳಿಗೆಯಂತೆ. ದಿನಾ ಎಣಿಸಿ ಬರೆದಿಡಬೇಕು, ತಿಂಗಳ ಮೇಲೆ ವಹಿ ತರಬೇಕು.

ಹೊಸ ವಹಿ ಎಂದ ಮೇಲೆ ಮಾಲಿನ ವಿವರ ಮೊದಲು. ಗಂಡು. ವಯಸ್ಸು ಅರವತ್ತಾರು. ಹಲ್ಲು ಇಪ್ಪತ್ತೊಂದು. ಊರು ಅಲಖನೂರ, ಕಲಿತದ್ದು ಏಳನೇ ಇಯತ್ತೆ. ಬೇರೆಯವರ ಎಮ್ಮೆಯ ಹಗ್ಗ ಹಿಡಿದು ನಿಲ್ಲುವ ಕೆಲಸದಿಂದ ಶುರು, ಈಗ ಐದು ತಾಲೂಕಿನ ಸಂತೆಯಲ್ಲಿ ಎಮ್ಮೆ ದಲಾಲಿ. ಮನೆಯಲ್ಲಿ ಹೆಂಡತಿ ತಾರವ್ವ. ಮಗ ಸಂಗ್ರಾಮ, ಟ್ರ್ಯಾಕ್ಟರಿನಲ್ಲಿ ಉಗಾರಿನ ಫ್ಯಾಕ್ಟರಿಗೆ ಕಬ್ಬು ಸಾಗಿಸುತ್ತಾನೆ. ಸೊಸೆ ಪ್ರಾಜಕ್ತಾ, ನಿಪ್ಪಾಣಿಯವಳು, ಬಂದು ಎರಡು ವರ್ಷ. ಅರ್ಧ ಮರಾಠಿ, ಅರ್ಧ ಕನ್ನಡ. ನನ್ನ ಸಂತೆಯ ಕಥೆಗಳಿಗೆ ಎಲ್ಲಿ ನಗಬೇಕೋ ಅಲ್ಲಿ ನಗುತ್ತಾಳೆ. ತಾರವ್ವ ಅವನ್ನು ನಲವತ್ತು ವರ್ಷದಿಂದ ಕೇಳುತ್ತಿರುವುದರಿಂದ ನಾನು ಬಾಯಿ ತೆರೆಯುವ ಮೊದಲೇ ನಿಟ್ಟುಸಿರು ಬಿಡುತ್ತಾಳೆ.

ನವೆಂಬರ್ 9, ಶನಿವಾರ. 8 ಸಲ

ನಾಲ್ಕೇ ದಿನದಲ್ಲಿ ಮೂರು ಲಾಭ. ಗುಳಿಗೆ ಗಟ್ಟಿ ಮಾಲು.

ಅಥಣಿಗೆ ಹೋಗಿದ್ದೆ. ಅಂಗಾಲು ಕೆಂಡದ ಮೇಲಿಟ್ಟಂತೆ ಉರಿಯುತ್ತದೆ, ಮಲಗಿದರೆ ನಿದ್ದೆಯಿಲ್ಲ. ಅಲ್ಲಿಯ ಡಾಕ್ಟರು ಮಲಗುವಾಗ ಒಂದು ತಗೊಳ್ಳಿರಿ ಎಂದು ಸಣ್ಣ ಗುಳಿಗೆ ಕೊಟ್ಟರು.

"ಬ್ಯಾರೆ ಏನರ ಔಷಧ ನಡದೈತೇನ್ರಿ?"

"ಏನೂ ಇಲ್ರಿ" ಎಂದೆ.

ಸುಳ್ಳಲ್ಲ, ಇದು ದಲಾಲಿಯ ಮೊದಲ ಪಾಠ. ನಾವು ದರ ಮಾತಾಡುವುದು ಟವೆಲ್ಲಿನ ಕೆಳಗೆ. ಗಿರಾಕಿಯ ಬೆರಳು ಹಿಡಿದು ಒತ್ತಿದರೆ ಅದೇ ದರ. ಬಾಯಿ ಮಾತ್ರ ಮಳೆ ಬೆಳೆ ಎನ್ನುತ್ತಿರುತ್ತದೆ. ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗಬಾರದು. ಒಬ್ಬನ ದರ ಇನ್ನೊಬ್ಬನಿಗೆ ಗೊತ್ತಾದ ದಿನ ದಲಾಲಿಯ ಕಥೆ ಮುಗಿಯಿತು. ಡಾಕ್ಟರುಗಳೂ ಹಾಗೆಯೇ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಿದರೆ ಇವರು ಅವರನ್ನು ಬೈದು ಇದ್ದ ಗುಳಿಗೆಯನ್ನೂ ಬದಲಿಸುತ್ತಾರೆ. ಆದ್ದರಿಂದ ಅಥಣಿಗೆ ಚಿಕ್ಕೋಡಿ ಗೊತ್ತಿಲ್ಲ, ಚಿಕ್ಕೋಡಿಗೆ ಅಥಣಿ ಗೊತ್ತಿಲ್ಲ. ರಾಯಬಾಗದ ಮೆಡಿಕಲ್ ಅಂಗಡಿಯ ವಿಕ್ರಾಂತನಿಗೆ ಇಬ್ಬರೂ ಗೊತ್ತಿಲ್ಲ. ಕಬ್ಬಿನ ಹಂಗಾಮಿನ ಧೂಳಿಗೆ ಮೂಗು ಸುರಿಯುತ್ತದೆಂದು ಅವನ ಹತ್ತಿರ ಹಳದಿ ಗುಳಿಗೆ ತಂದಿದ್ದೇನೆ. "ಕಾಕಾ, ದಿನಕ್ಕ ಒಂದ ಸಾಕ್ ನೋಡ್ರಿ" ಎಂದ. ಎರಡು ತಗೊಳ್ಳುತ್ತೇನೆ. ಅಂಗಡಿಯವನು ಕಡಿಮೆ ಹೇಳಿದರೆ ಅದರಲ್ಲೇನೋ ಇರಲೇಬೇಕು.

ಎಲ್ಲ ಗುಳಿಗೆಯೂ ಸೊಂಟದ ಚಂಚಿಯಲ್ಲಿ. ಎಲೆ ಅಡಿಕೆಯ ಜೊತೆಗೆ.

ನವೆಂಬರ್ 18, ಸೋಮವಾರ. 6 ಸಲ

ಲಾಭ ಏರುತ್ತಿದೆ.

ಬಾಯಿ ಮಾತ್ರ ಒಣಗುತ್ತದೆ. ರೊಟ್ಟಿ ಗೋಣಿತಟ್ಟು ಜಗಿದಂತೆ. ಹೊಟ್ಟೆಯೂ ಮೂರು ದಿನದಿಂದ ಬಂದ್, ನಡುನಡುವೆ ಹಿಂಡುತ್ತದೆ. ದೀಪಾವಳಿಗೆ ತವರಿಗೆ ಹೋಗಿದ್ದ ಪ್ರಾಜಕ್ತಾಳನ್ನು ಕರೆತರಲು ನಿನ್ನೆ ನಿಪ್ಪಾಣಿಗೆ ಹೋದವನು ಬಸ್ ಸ್ಟ್ಯಾಂಡ್ ಹತ್ತಿರದ ಡಾಕ್ಟರಿಗೆ ತೋರಿಸಿದೆ. ಹೊಟ್ಟೆ ಹಿಂಡಿದರೆ ತಗೊಳ್ಳಿರಿ ಎಂದು ಬಿಳಿ ಗುಳಿಗೆ. ಅವರಿಗೂ ಏನೂ ಹೇಳಿಲ್ಲ.

ಬಸ್ಸಿನಲ್ಲಿ ಪ್ರಾಜಕ್ತಾ ನನ್ನ ಬಾಯಿಯನ್ನೇ ನೋಡಿದಳು. "ಮಾಮಾ, ಮಾತಾಡೂ ಮುಂದ ನಿಮ್ಮ ನಾಲಿಗಿ ಟಕ್ ಟಕ್ ಅನ್ನಾಕತ್ತೈತಿ. ನೀರ ಕುಡೀರಿ. ನಮ್ಮ ಆಯಿ ಹಸಿ ತಂಬಾಕದ ಎಲಿ ಹೊತ್ತ ಬಂದ ದಿನ ಬಾಯಿ ತುಂಬ ಜೊಲ್ಲ ಸುರಸ್ತಿದ್ಲು. ನಿಮ್ದ ಅದರ ಉಲ್ಟಾ ಐತಿ."

"ನಿಮ್ಮ ಅವ್ವ ತಂಬಾಕಿನ್ಯಾಕಿ, ನಾ ಎಮ್ಮಿಯಾಂವ" ಎಂದೆ. ನಕ್ಕಳು.

ಇಂದು ಕಾರ್ತಿಕದ ಸೋಮವಾರ. ಬೆಳಗ್ಗೆ ಕೊಟ್ಟಿಗೆಯ ಹಿಂದೆ ಬೆಳೆದ ಮದಗುಣಕಿ, ಅಂದರೆ ದತ್ತೂರಿ ಗಿಡದಿಂದ ಬಿಳಿ ಹೂ ಕಿತ್ತು ಶಿವನ ಗುಡಿಗೆ ಒಯ್ದಳು. ಮುಳ್ಳುಕಾಯಿಯೂ ಒಂದೆರಡು ಒಯ್ದಂತೆ ಕಂಡಿತು.

ನವೆಂಬರ್ 26, ಮಂಗಳವಾರ. 5 ಸಲ

ಕಾಗವಾಡ ಕಡೆಯ ಸಂತೆ. ಬರೆಯಲು ಮನಸ್ಸಿಲ್ಲ, ಆದರೂ ನಷ್ಟವನ್ನು ಬರೆಯದಿದ್ದರೆ ಅದು ವಹಿಯಲ್ಲ.

ಪಂಢರಪುರಿ ಎಮ್ಮೆಯೊಂದರ ಬಾಯಿ ಬಿಡಿಸಿದೆ. ಹಲ್ಲು ಕಾಣಲಿಲ್ಲ. ದೂರದ ನೀರಿನ ಟಾಕಿ ಸ್ಪಷ್ಟ, ಗೇಣು ದೂರದ ಹಲ್ಲು ಹೊಗೆ. ಮುಖವನ್ನು ಹತ್ತಿರ ಒಯ್ದೆ, ಇನ್ನೂ ಹತ್ತಿರ ಒಯ್ದೆ. ನನ್ನ ಜೊತೆಯ ದಲಾಲಿ ಮಾಯಪ್ಪ ಇಡೀ ಸಂತೆಗೆ ಕೇಳುವಂತೆ, "ಏನ್ ಅಣ್ಣಾ, ನೋಡಾಕತ್ತಿಯೋ ಮುತ್ತ ಕೊಡಾಕತ್ತಿಯೋ? ಮನೀಗೆ ಹೋಗಿ ತಾರವ್ವಗ ಹೇಳ್ಲೇನು?" ಎಂದ. ಅಂದಾಜಿನಲ್ಲಿ ನಾಲ್ಕು ಹಲ್ಲು ಎಂದುಬಿಟ್ಟೆ. ಗಿರಾಕಿ ತಾನೇ ಬೆರಳಿಟ್ಟು ಎಣಿಸಿದ. ಆರು.

ಚಹಾದ ಅಂಗಡಿಯಲ್ಲಿ ಮಾಯಪ್ಪ ದನಿ ತಗ್ಗಿಸಿದ. "ಬಾಯಿ ಒಣಗೂದು, ಕಣ್ಣ ಮಂಜ ಆಗೂದು... ಅಡಗಿ ಮನ್ಯಾಗ ಈಗ ಯಾರ ಕೈ ಐತಿ?"

"ಸೊಸೀದು. ಯಾಕ?"

"ಏನಿಲ್ಲಪ. ಬರೇ ಕೇಳೀನಿ."

ದಲಾಲಿ ಬರೀ ಕೇಳುವುದಿಲ್ಲ. ನಾನೂ ಅದೇ ಕಸುಬಿನವನು. ಆದರೂ ಆ ಮಾತು ಮನೆಯವರೆಗೆ ನನ್ನ ಜೊತೆ ಬಂತು.

ಮನೆಯಲ್ಲಿ ಪ್ರಾಜಕ್ತಾ, "ಮಾಮಾ, ಚಂಚ್ಯಾಗ ಎಷ್ಟ ಥರದ ಗುಳಿಗಿ ಅದಾವರಿ?" ಎಂದು ಕೇಳಿದಳು. ನನ್ನ ಚಂಚಿಯ ಲೆಕ್ಕ ಈಕೆಗೆ ಯಾಕೆ?

ಡಿಸೆಂಬರ್ 2, ಸೋಮವಾರ. 4 ಸಲ

ಟ್ರ್ಯಾಕ್ಟರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ನಡು ಮಧ್ಯಾಹ್ನ. ಬಿಸಿಲು ಕಣ್ಣಿಗೆ ಸೂಜಿಯಂತೆ ಚುಚ್ಚುತ್ತಿತ್ತು. ಕಣ್ಣೊಳಗಿನ ಕಪ್ಪು ಕಾಳಿನಷ್ಟು ಇರಬೇಕಾದದ್ದು ಅಗಲವಾಗಿ ಅಂಚಿನವರೆಗೆ ಹರಡಿದೆ. ಎಮ್ಮೆ ಕೊಳ್ಳುವವನು ಅದನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸುವುದು ಇದಕ್ಕಾಗಿಯೇ. ಕಪ್ಪು ಕುಗ್ಗದಿದ್ದರೆ ಮಾಲಿಗೆ ಯಾರೋ ಏನೋ ತಿನ್ನಿಸಿದ್ದಾರೆ.

ಏನು ತಿನ್ನಿಸುತ್ತಾರೆಂದೂ ನನಗೆ ಗೊತ್ತು. ಒದೆಯುವ ಎಮ್ಮೆಗೆ ಸಂತೆಯ ಮುಂಜಾನೆ ಬೆಲ್ಲದಲ್ಲಿ ಮದಗುಣಕಿ ಬೀಜ ಇಟ್ಟು ತಿನ್ನಿಸುವ ಕಳ್ಳ ದಲಾಲಿಗಳಿದ್ದರು. ಬಾಯಿ ಒಣಗಿ, ಕಣ್ಣು ಅರಳಿ, ಯಾರು ಹಗ್ಗ ಎಳೆದರೂ ಬರುವಂತೆ ಮಂಕಾಗಿ ನಿಲ್ಲುತ್ತದೆ. ಕಳ್ಳ ದಲಾಲಿಗಳು ಎಂದು ಬರೆದಿದ್ದೇನೆ. ಅವರಲ್ಲೊಬ್ಬನ ಹೆಸರು ಈ ವಹಿಯ ರಟ್ಟಿನ ಮೇಲಿದೆ.

ಈಗ ಕೂಡಿಸೋಣ. ಒಣಗಿದ ಬಾಯಿ. ಅರಳಿದ ಕಣ್ಣು. ಕೊಟ್ಟಿಗೆಯ ಹಿಂದಿನ ಗಿಡ. ಅದರ ಕಾಯಿ ಕೀಳುವ ಕೈ ಯಾವುದೋ ರೊಟ್ಟಿ ಬಡಿಯುವ ಕೈಯೂ ಅದೇ. ಮೇಲೆ, ಬಾವಿಯ ಕಡೆಯ ಎರಡು ಎಕರೆಯನ್ನು ತನ್ನ ಹೆಸರಿಗೆ ಮಾಡಿಕೊಡು ಎಂದು ಸಂಗ್ರಾಮ ದಸರೆಯಲ್ಲಿ ಕೇಳಿದ್ದ. ನಾನು ಆಗಲ್ಲ ಎಂದಿದ್ದೆ. ಒದೆಯುವ ಎಮ್ಮೆಯನ್ನು ಮಂಕು ಮಾಡಿದರೆ ಹೆಬ್ಬೆಟ್ಟು ಒತ್ತಿಸುವುದು ಸುಲಭ.

ಲೆಕ್ಕ ಎಲ್ಲೂ ಒಂದು ಪೈಸೆ ತಪ್ಪಿಲ್ಲ.

ಡಿಸೆಂಬರ್ 4, ಬುಧವಾರ. 4 ಸಲ

ಪರೀಕ್ಷೆ ಮಾಡಿದೆ. ನನ್ನ ತಾಟಿನ ರೊಟ್ಟಿ, ಬೇಳೆ ಎರಡನ್ನೂ ಮೋತ್ಯಾ ನಾಯಿಗೆ ಹಾಕಿ ಸಂಜೆಯವರೆಗೆ ಎದುರಿಗೆ ಕೂತೆ. ನಾಯಿ ಉಂಡಿತು, ಬಾಲ ಅಲ್ಲಾಡಿಸಿತು, ಮತ್ತೆ ಕೇಳಿತು. ಜೊಲ್ಲು ಧಾರಾಳ.

ಅಂದರೆ ಇಂದು ನಾಯಿಗೆ ಹಾಕುತ್ತೇನೆಂದು ಆಕೆಗೆ ಮೊದಲೇ ತಿಳಿದಿತ್ತು. ನಾನು ತಿಳಿದದ್ದಕ್ಕಿಂತ ಜಾಣೆ.

ಡಿಸೆಂಬರ್ 7, ಶನಿವಾರ. 3 ಸಲ

ಪ್ರಾಜಕ್ತಾ ಕೊಟ್ಟಿಗೆಯ ಮೋರಿಯ ಹತ್ತಿರ ಬಾಗಿ ಏನನ್ನೋ ಆರಿಸುತ್ತಿದ್ದಳು. ಹೊಳೆಯುವಂಥದ್ದು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಳು. ನನ್ನನ್ನು ಕಂಡು ಚೀಲವನ್ನು ಸೆರಗಿನೊಳಗೆ ಸರಿಸಿದಳು.

ನಾನು ಎಮ್ಮೆ ನೋಡಲು ಬಂದವನಂತೆ ಎಮ್ಮೆ ನೋಡಿದೆ.

ಡಿಸೆಂಬರ್ 11, ಬುಧವಾರ. 2 ಸಲ, ಅದೂ ಹನಿ ಹನಿ

ನಾಡಿ ಒಂದು ನಿಮಿಷಕ್ಕೆ 118. ಸುಮ್ಮನೆ ಕೂತಾಗ. ಗೋಡೆಯ ಗಡಿಯಾರ ನೋಡಿ ಮೂರು ಸಲ ಎಣಿಸಿದೆ.

ಮೈ ಬಾಣಲೆಯಂತೆ ಕಾಯ್ದಿದೆ. ಬೆವರು ಒಂದು ಹನಿ ಇಲ್ಲ. ಇಡೀ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತವನು ನಾನೊಬ್ಬ. ಚಳಿಗಾಲ.

ಮನೆಯ ಊಟ ಬಂದ್. ರಾಯಬಾಗದ ಹೋಟೆಲಿನಲ್ಲಿ ತಿನ್ನುತ್ತೇನೆ, ನೀರೂ ಅಲ್ಲಿಯದೇ. ಆಕೆಯ ಕೈ ತಾಗದ ವಸ್ತು ಈಗ ನನ್ನ ಹತ್ತಿರ ಒಂದೇ, ಚಂಚಿಯ ಗುಳಿಗೆ. ಅವನ್ನೇ ನೆಚ್ಚಿದ್ದೇನೆ. ಹೊಟ್ಟೆಯ ಬಿಳಿ ಗುಳಿಗೆಯನ್ನು ಎರಡರಿಂದ ನಾಲ್ಕು ಮಾಡಿದೆ. ಹಳದಿಯನ್ನು ಮೂರು ಮಾಡಿದೆ. ವಿಷ ಏರಿದಷ್ಟು ಔಷಧವೂ ಏರಬೇಕಲ್ಲ.

ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಆರೇ ಸಾಲು.

ಡಿಸೆಂಬರ್ 13, ಶುಕ್ರವಾರ

ಇಂದು ಬಾಯಿ ಬಿಟ್ಟೆ.

ಬೆಳಗ್ಗೆ ಪ್ರಾಜಕ್ತಾ ಚಹಾ ತಂದು ಮುಂದಿಟ್ಟಳು. ನಾನು ಮುಳ್ಳುಕಾಯಿಯನ್ನು ಕಪ್ಪಿನ ಪಕ್ಕಕ್ಕೆ ಇಟ್ಟೆ. "ಇದ ಏನಿದು?"

"ಧೋತ್ರಾ. ಗುಡೀಗೆ ಒಯ್ತೀನಲ್ರಿ."

"ಗುಡೀಗಷ್ಟ ಒಯ್ತೀಯೋ, ನನ್ನ ಹೊಟ್ಟೀಗೂ ಒಯ್ತೀಯೋ?"

ಸಂಗ್ರಾಮ ಎದ್ದು ನಿಂತ. "ಅಪ್ಪಾ, ಏನ್ ಮಾತಾಡಾಕತ್ತಿ?" ತಾರವ್ವ ಒಲೆಯ ಕಡೆಯಿಂದ, "ಇವರ ತಲಿ ನೆಟ್ಟಗ ಇಲ್ಲೋ" ಎಂದಳು. ಎಲ್ಲರೂ ಒಂದೇ ದನಿ. ಒಳಗೆ ನನಗೆ ಸಾಕ್ಷಿ ಇಲ್ಲ ಎಂದು ಹೊರಗೆ ಹೋದೆ. ಓಣಿಯ ನಡುವೆ ನಿಂತು ಕಾಯಿಯನ್ನು ಎತ್ತಿ ಹಿಡಿದು ಕೂಗಿದೆ: "ನನ್ನ ಸೊಸಿ ನನಗ ಮದಗುಣಕಿ ಹಾಕಾಕತ್ತಾಳ! ಹೊಲಕ್ಕ ಹೆಬ್ಬಟ್ಟ ಹಾಕಸ್ಕೊಳ್ಳಾಕ ಹಾಕಾಕತ್ತಾಳ!" ಹನ್ನೆರಡು ಬಾಗಿಲು ತೆರೆದವು. ಎಣಿಸಿದ್ದೇನೆ.

ಪ್ರಾಜಕ್ತಾ ಕಪ್ಪು ಹಿಡಿದೇ ಹೊರಗೆ ಬಂದಳು. ಎಲ್ಲರ ಎದುರು ಚಹಾವನ್ನು ಪೂರ್ತಿ ಕುಡಿದಳು. ಕಪ್ಪು ಬೋರಲು ಮಾಡಿ ತೋರಿಸಿದಳು. "ಕುಡದೀನಿ ಮಾಮಾ. ಸಂಜೀತನ ಇಲ್ಲೇ ಕಟ್ಟೀ ಮ್ಯಾಲ ಕುಂದರ್ತೀನಿ. ನೋಡ್ಕೋತ ಕುಂದರ್ರಿ."

"ರೂಢಿ ಮಾಡ್ಕೊಂಡಾಳ, ಆಕೀಗೆ ಏನೂ ಆಗಂಗಿಲ್ಲ" ಎಂದೆ.

ಆಗ ಆಕೆಯ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಒಳಗೆ ಹೋಗಿ ಬಟ್ಟೆ ಕಟ್ಟಿದಳು. ಸಂಗ್ರಾಮ ಗಾಡಿಯ ಮೇಲೆ ಕೂರಿಸಿಕೊಂಡು ನಿಪ್ಪಾಣಿಗೆ ಹೋದ. ಬಟ್ಟೆಯ ಬ್ಯಾಗಿನ ಜೊತೆ ಆ ಪ್ಲಾಸ್ಟಿಕ್ ಚೀಲವನ್ನೂ ಒಯ್ದಳು. ಪುರಾವೆ.

ಡಿಸೆಂಬರ್ 14, ಶನಿವಾರ. 1

ಆಕೆ ಹೋಗಿ ಒಂದು ದಿನ. ವಿಷ ಕಡಿಮೆಯಾಗಬೇಕಿತ್ತು, ಹೆಚ್ಚಾಗಿದೆ. ಅಂದರೆ ತಾರವ್ವ ಕೂಡ.

ನಲವತ್ತು ವರ್ಷ.

ಅಂಗಳದಲ್ಲಿ ಹದಿನೇಳು ಕರುಗಳು. ಬಿಳಿಯವು. ಎಮ್ಮೆಗೆ ಬಿಳಿ ಕರು ಎಲ್ಲಿಂದ? ಯಾರದು ಎಂದು ಕೇಳಿದೆ. ತಾರವ್ವ ಅಂಗಳ ನೋಡಿದಳು, ನನ್ನನ್ನು ನೋಡಿದಳು, ಬಾಯಿಗೆ ಸೆರಗು ಇಟ್ಟುಕೊಂಡಳು. ಕದ್ದ ಮಾಲು ಇರಬೇಕು.

ಡಿಸೆಂಬರ್ 15

ಸೊನ್ನೆ

ಡಿಸೆಂಬರ್ 22, ರವಿವಾರ. 7 ಸಲ

ನಿನ್ನೆ ಅಥಣಿಯ ದವಾಖಾನೆಯಿಂದ ಮನೆಗೆ ಬಂದೆ. ಮಧ್ಯದ್ದನ್ನು ಬೇರೆಯವರು ಹೇಳಿದಂತೆ ಬರೆಯುತ್ತೇನೆ. ಅವರ ಮಾತಿಗೆ ನಾನು ಹೊಣೆಯಲ್ಲ.

ಹದಿನೈದರಂದು ಹೊಟ್ಟೆ ಗಡಿಗೆಯಂತೆ ಉಬ್ಬಿ, ಒಂದು ಹನಿ ಇಳಿಯದೆ, ಗಾಳಿಯಲ್ಲಿ ಹಗ್ಗ ಹಿಡಿದು ಎಳೆಯುತ್ತಿದ್ದೆನಂತೆ. ಟ್ರ್ಯಾಕ್ಟರಿನಲ್ಲೇ ಒಯ್ದರು. ಅಲ್ಲಿದ್ದವರು ಅಂಗಾಲಿಗೆ ಗುಳಿಗೆ ಕೊಟ್ಟವರಲ್ಲ, ಡಾಕ್ಟರ್ ಭಾಗ್ಯಾ, ಸಣ್ಣ ವಯಸ್ಸು, ತೆಲಸಂಗದ ಕುರಿ ಕಾಯುವವರ ಮಗಳು. ನಳಿಗೆ ಹಾಕಿದ್ದೇ ಒಂದೂವರೆ ಲೀಟರು ಬಂತಂತೆ. ಅದನ್ನು ನಾನು ಎಣಿಸಿಲ್ಲ, ಅವರ ಅಳತೆ.

ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, "ಇವರು ಏನೇನ್ ಗುಳಿಗಿ ತಗೋತಾರ?" ಎಂದು ಕೇಳಿದರಂತೆ. ತಾರವ್ವ, "ನಮಗ ತೋರ್ಸಂಗಿಲ್ರಿ" ಎಂದಳು. ನನ್ನನ್ನು ಕೇಳಿದರು. ಆ ಸ್ಥಿತಿಯಲ್ಲೂ ನಾನು "ಏನೂ ಇಲ್ರಿ" ಎಂದು ಚಂಚಿಯ ಮೇಲೆ ಕೈಯಿಟ್ಟು ಮಲಗಿದೆನಂತೆ. ಇದನ್ನು ನಂಬಬಲ್ಲೆ.

ಸಂಗ್ರಾಮ ನಿಪ್ಪಾಣಿಗೆ ಫೋನ್ ಮಾಡಿದ. ಹತ್ತು ನಿಮಿಷಕ್ಕೆ ಪ್ರಾಜಕ್ತಾಳಿಂದ ಒಂದು ಫೋಟೋ ಬಂತು. ಮೋರಿಯ ಹತ್ತಿರ ನಾನು ಎಸೆದ ಖಾಲಿ ಗುಳಿಗೆ ಪಟ್ಟಿಗಳು, ತೊಳೆದು, ಒರೆಸಿ, ನಾಲ್ಕು ಸಾಲಾಗಿ ಜೋಡಿಸಿದ್ದಳು. ಪ್ರತಿ ಸಾಲಿನ ಕೆಳಗೆ ಎಷ್ಟು ದಿನಕ್ಕೆ ಎಷ್ಟು ಖಾಲಿಯಾದವೆಂದು ಬರೆದಿದ್ದಳು. ಮೇಲೆ ಮರಾಠಿಯಲ್ಲಿ ಒಂದು ಸಾಲು: ಮಾವನ ಗುಳಿಗೆಗಳು, ಡಾಕ್ಟರಿಗೆ ತೋರಿಸು.

ಡಾಕ್ಟರ್ ಭಾಗ್ಯಾ ನನಗೆ ಬುದ್ಧಿ ಬಂದ ದಿನ ಆ ಫೋಟೋ ಮುಂದೆ ಹಿಡಿದು ಕೂತರು.

"ಕಾಕಾ, ಮರದ ನೆಳ್ಳಾಗ ಮೆಲಕ ಹಾಕೋ ಎಮ್ಮಿ ನೋಡೀರಿಲ್ಲೋ? ಜೊಲ್ಲ ಇಳೀತೈತಿ, ಸಗಣಿ ಹಾಕತೈತಿ, ಉಚ್ಚಿ ಹೊಯ್ತೈತಿ, ಎದಿ ನಿಧಾನ ಬಡೀತೈತಿ. ಹಂಗ ಮಾಡಂತ ಯಾರೂ ಅದಕ್ಕ ಹೇಳಂಗಿಲ್ಲ. ಅದ ಒಂದ ಹಗ್ಗ. ಅದ ಎಮ್ಮಿ ಹುಲಿ ಕಂಡ್ರ?"

"ಮೆಲಕ ನಿಲ್ತೈತ್ರಿ. ಬಾಯಿ ಒಣಗತೈತಿ. ಕಣ್ಣ ಅಗಲ ಆಗ್ತಾವ, ಎದಿ ಹಾರ್ತೈತಿ."

"ಅದ ಎರಡನೇ ಹಗ್ಗ. ನಮ್ಮ ಮೈಯಾಗೂ ಎರಡೂ ಅದಾವ. ಇವ ನಾಲ್ಕ ಗುಳಿಗಿ, ಹೆಸರ ಬ್ಯಾರೆ, ಊರ ಬ್ಯಾರೆ, ಕೆಲಸ ಒಂದ: ಮೊದಲನೇ ಹಗ್ಗ ಕೊಯ್ಯೂದು. ಒಂದೊಂದ ಆಗಿದ್ರ ತಡಕೊಳ್ತಿದ್ರಿ. ನೀವು ನಾಲ್ಕೂ ಕೂಡಿಸಿ ಕೊಯ್ದೀರಿ. ಬೆವರೂ ನಿಂತೈತಿ, ಅದಕ್ಕ ಮೈ ಕಾದೈತಿ. ಗುಳಿಗಿ ತಲೀಗೂ ಏರೈತಿ. ಮದಗುಣಕಿ ಮಾಡೂದೂ ಇದನ್ನ."

"ಮದಗುಣಕಿನ ಐತಿ ಅಂತ ನಾ ಹೇಳಿದ್ನಲ್ರಿ!"

"ಲಕ್ಷಣ ಖರೇನ ಹೇಳೀರಿ, ಕಾಕಾ. ಕೈ ಯಾರ್ದು ಅನ್ನೂದ ತಪ್ಪ ಹೇಳೀರಿ." ಆಮೇಲೆ ಕೇಳಿದರು: "ಮೂರ ಮಂದಿ ಡಾಕ್ಟರ್ ಕೇಳಿರತಾರ. ಒಬ್ಬರಿಗರ ಯಾಕ ಹೇಳ್ಲಿಲ್ಲ?"

ಟವೆಲ್ಲಿನ ಪದ್ಧತಿಯನ್ನು ವಿವರಿಸಿದೆ. ಅವರು ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ. "ಅಲ್ಲಿ ಮಾರಾಟಕ್ಕ ನಿಂತ ಎಮ್ಮಿ ಯಾವ್ದಿತ್ತ್ರಿ ಕಾಕಾ?" ಎಂದು ಕೇಳಿ ಪಕ್ಕದ ಮಂಚಕ್ಕೆ ಹೋದರು.

ನಾಲ್ಕೂ ಗುಳಿಗೆ ಬಂದ್. ಮೂತ್ರಕ್ಕೆ, ಅಂಗಾಲಿಗೆ ಬೇರೆ ಕೊಟ್ಟಿದ್ದಾರೆ. ಈ ಹೊಸವುಗಳ ಮೇಲೂ ನನ್ನ ಕಣ್ಣು ಇದೆ.

ಡಿಸೆಂಬರ್ 30, ಸೋಮವಾರ. 8 ಸಲ

ಇಂದು ಬೆಳಗ್ಗೆ ತಾರವ್ವ ಹುಣಸೆ ಕುಟ್ಟುತ್ತಿದ್ದಳು. ನೋಡುತ್ತಿದ್ದಂತೆ ಬಾಯಲ್ಲಿ ನೀರು ಬಂತು. ತಾನಾಗಿಯೇ. ಯಾರೂ ಹೇಳದೆ. ಒಂದು ಗುಟುಕು ನುಂಗಿ, ಇನ್ನೊಂದಕ್ಕೆ ಕಾದೆ. ಅದೂ ಬಂತು.

"ಯಾಕ ಅಳಾಕತ್ತೀರಿ?" ಎಂದಳು.

"ಹುಣಸೀ ಧೂಳ" ಎಂದೆ. ಕಣ್ಣೀರೂ ಹಿಂದೆ ಬಂದ ಬಾಬ್ತು. ಅದು ನಿಂತಿತ್ತೆಂದೇ ತಿಳಿದಿರಲಿಲ್ಲ.

ಸಂಗ್ರಾಮ ಮಾತಾಡುತ್ತಿಲ್ಲ. ರಾತ್ರಿ ಪಾಳಿ ಕಬ್ಬು ಇಳಿಸಿ ನಿಪ್ಪಾಣಿಗೇ ಹೋಗುತ್ತಾನೆ. ತಾಟು ಎರಡೇ ಇಡುತ್ತಿದ್ದಾಳೆ ತಾರವ್ವ. ಮೂರನೆಯದು, ನಾಲ್ಕನೆಯದು ಗೂಡಿನಲ್ಲಿ ಬೋರಲಾಗಿವೆ. ನಾನು ಸಂತೆಯ ಕಥೆ ಶುರು ಮಾಡಿದರೆ ಮನೆಯಲ್ಲಿ ನಿಟ್ಟುಸಿರು ಒಂದೇ ಉತ್ತರ.

ಜನವರಿ 8, ಬುಧವಾರ

ನಿಪ್ಪಾಣಿಗೆ ಹೋಗಿದ್ದೆ. ಮೂತ್ರ ಎಣಿಸಲು ಮರೆತೆ.

ಪ್ರಾಜಕ್ತಾಳ ಅಪ್ಪ ತಂಬಾಕಿನ ಗೋದಾಮಿಗೆ ಹೋಗಿದ್ದರು. ಆಕೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. "ಬರ್ರಿ, ಕುಂದರ್ರಿ" ಎಂದಳು. ಚಹಾ ಇಡಲಿಲ್ಲ. ಚಹಾ ಕೊಟ್ಟರೆ ಹೇಗೆ ಕುಡಿಯಬೇಕು, ಯಾರ ಕಡೆ ನೋಡುತ್ತ ಕುಡಿಯಬೇಕು ಎಂದು ಬಸ್ಸಿನಲ್ಲಿ ಎರಡು ತಾಸು ಯೋಚಿಸಿದ್ದೆ. ಕೊಡದಿದ್ದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

"ಡಾಕ್ಟರ್ ಹೇಳ್ಯಾರ" ಎಂದೆ, "ಎಲ್ಲಾ ಗುಳಿಗೀದ ಅಂತ. ತಲೀಗೆ ಏರಿತ್ತಂತ."

"ಕಣ್ಣ ಅಗಲ ಆಗೂದು ಗುಳಿಗೀದು. ಬಾಯಿ ಒಣಗೂದು ಗುಳಿಗೀದು. ಬಿಳೀ ಕರಾನೂ ಗುಳಿಗೀದ ಅಂತ ಹಿಡೀರಿ." ಅಕ್ಕಿಯಿಂದ ಕೈ ತೆಗೆಯಲಿಲ್ಲ. "ನನ್ನ ಹೆಸರೂ ಗುಳಿಗಿ ಹೇಳ್ತೇನ್ ಮಾಮಾ?"

ಹೆಸರು ಗುಳಿಗೆಯಲ್ಲಿ ಇರಲಿಲ್ಲ. ಹೆದರಿದ ಮೈಗೆ ಒಬ್ಬ ಕಳ್ಳ ಬೇಕಿತ್ತು. ಮನೆಯಲ್ಲಿ ಹೊಸಬಳು ಯಾರು ಎಂದು ನೋಡಿದೆ, ಕೈ ತೋರಿಸಿದೆ. ಆ ಬೆರಳು ನನ್ನದೇ.

"ತಪ್ಪ ನಂದು" ಎಂದೆ.

"ಕೇಳಸಲಿಲ್ಲ."

"ತಪ್ಪ ನಂದ ಐತಿ, ಪ್ರಾಜಕ್ತಾ."

"ಅಲ್ಲಿ ಓಣೀಗೆಲ್ಲ ಕೇಳಿತ್ತು. ಇಲ್ಲಿ ಬಾಗಲಕ್ಕೂ ಕೇಳಸವಲ್ದು."

ಎದ್ದೆ. ಹೊರಗೆ ಓಣಿಯಲ್ಲಿ ನಿಂತೆ. ಗುರುತಿಲ್ಲದ ಊರು, ಗುರುತಿಲ್ಲದ ಬಾಗಿಲುಗಳು. ಸಂತೆಯಲ್ಲಿ ಕೂಗುವ ದನಿಯಲ್ಲೇ ಕೂಗಿದೆ: "ನನ್ನ ಸೊಸಿ ಮ್ಯಾಲ ನಾ ಸುಳ್ಳ ಹೇಳೀನಿ. ವಿಷ ನನ್ನ ಚಂಚ್ಯಾಗ ಇತ್ತು, ಆಕೀ ಕೈಯಾಗ ಇರ್ಲಿಲ್ಲ. ನನ್ನ ಜೀವ ಉಳಿಸಿದಾಕೀನೂ ಆಕೀನ!" ಮುದುಕಿಯೊಬ್ಬಳು ಕಿಟಕಿಯಿಂದ ಮರಾಠಿಯಲ್ಲಿ, ಯಾರಿವನು, ಏನು ಮಾರುತ್ತಾನೆ ಎಂದು ಕೇಳಿದಳು.

ಒಳಗೆ ಬಂದಾಗ ಪ್ರಾಜಕ್ತಾ ನಗು ತಡೆದುಕೊಂಡಿದ್ದಳು. ಕಣ್ಣಲ್ಲಿ ನೀರೂ ಇತ್ತು. ಗೆದ್ದೆ ಎಂದುಕೊಂಡೆ.

"ಹಂಗಾರ ನಡಿ" ಎಂದೆ, "ಸಂಜಿ ಬಸ್ಸಿಗೆ ಹೋಗೂಣು."

ತಲೆಯಾಡಿಸಿದಳು. "ನಿಮ್ಮ ಮ್ಯಾಲ ಸಿಟ್ಟ ಇಲ್ಲ ಮಾಮಾ. ಖರೇನ. ಹಬ್ಬಕ್ಕ ಬರ್ತೀನಿ, ಆತ್ಯಾ ಮಾಡಿದ್ದ ಉಂಡ ಬರ್ತೀನಿ. ಆದ್ರ ಆ ಮನ್ಯಾಗ ಒಲಿ ಮುಂದ ಕುಂದ್ರಂಗಿಲ್ಲ. ನಾ ತಾಟ ಇಟ್ಟಾಗ ನೀವು ತಾಟ ನೋಡ್ತೀರಿ. ನೀವು ನೋಡೂದನ್ನ ನಾ ನೋಡ್ತೀನಿ. ಹಂಗ ಎಷ್ಟ ದಿನ ಉಣ್ಣೂದು?"

ನಾನು ನೋಡುವುದಿಲ್ಲ ಎಂದು ಹೇಳಬಹುದಿತ್ತು. ಬಾಯಿಯವರೆಗೆ ಬಂತು. ಆದರೆ ನನ್ನನ್ನು ನಾನು ಬಲ್ಲೆ. ಮೊದಲ ತುತ್ತಿಗೆ ನೋಡುತ್ತಿದ್ದೆ.

ಫೆಬ್ರವರಿ 2, ರವಿವಾರ, ಕೊನೆಯ ಪುಟ

ಸಂಗ್ರಾಮ ಇಂದು ಬಂದು ಮಂಚ, ಎರಡು ಪೆಟ್ಟಿಗೆ, ಗ್ಯಾಸಿನ ಒಲೆ ಟ್ರ್ಯಾಕ್ಟರಿಗೆ ಏರಿಸಿದ. ನಾನೂ ಒಂದು ಕೈ ಹಿಡಿದೆ. ಹೋಗುವಾಗ "ಬರ್ತೀನಪ್ಪಾ" ಎಂದ. ಏಳು ವಾರದಲ್ಲಿ ಅದು ಮೊದಲ ಮಾತು. ಟ್ರ್ಯಾಕ್ಟರು ತಿರುವು ದಾಟಿದ ಮೇಲೆ ಒಳಗೆ ಬಂದು ಲೆಕ್ಕಕ್ಕೆ ಕೂತೆ.

ಯಾರಿಗೆ ಏನು ಬಂತು:

ಚಿಕ್ಕೋಡಿ ಡಾಕ್ಟರಿಗೆ, ಈ ವಹಿಯ ಕೆಲವು ಪುಟಗಳ ಫೋಟೋ. ಬೇರೆ ರೋಗಿಗಳಿಗೆ ತೋರಿಸುತ್ತಾರಂತೆ, ಹೆಸರು ಮುಚ್ಚಿ. ಮುಚ್ಚಿದ್ದಾರೆಂದು ನನಗೆ ನಂಬಿಕೆಯಿಲ್ಲ.

ವಿಕ್ರಾಂತನಿಗೆ, ಒಂದು ಹೊಸ ಪ್ರಶ್ನೆ. ಮೂಗು ಸುರಿಯುವ ಗುಳಿಗೆ ಕೇಳಿದವನಿಗೂ, ಬೇರೆ ಏನು ನಡೆದಿದೆ ಎಂದು ಕೇಳಿಯೇ ಕೊಡುತ್ತಾನೆ. ಗಿರಾಕಿಗಳು ಬೈಯುತ್ತಾರೆ.

ಮಾಯಪ್ಪನಿಗೆ, ಕಾಗವಾಡ ಕಡೆಯ ನನ್ನ ಮೂವರು ಖಾಯಂ ಗಿರಾಕಿಗಳು.

ತಾರವ್ವನಿಗೆ, ನನ್ನ ಗುಳಿಗೆಗಳ ಡಬ್ಬಿ ಮತ್ತು ದಿನಕ್ಕೆ ಮೂರು ಸಲ ನನ್ನನ್ನು ಗದರುವ ಹಕ್ಕು.

ಸಂಗ್ರಾಮನಿಗೆ, ಹೆಂಡತಿ, ಮತ್ತು ಫ್ಯಾಕ್ಟರಿಗೆ ಹೋಗಲು ಮೊದಲಿಗಿಂತ ದೂರದ ದಾರಿ.

ನನಗೆ, ಜೀವ.

ಪ್ರಾಜಕ್ತಾಳಿಗೆ, ನಿಪ್ಪಾಣಿಯಲ್ಲಿ ಬಾಡಿಗೆಯ ಎರಡು ಕೋಣೆ, ತಾನು ಬಡಿದ ರೊಟ್ಟಿಯನ್ನು ಯಾರೂ ಮೂಸಿ ನೋಡದ ಒಂದು ಒಲೆ.